ಅಂಬಿಗನ ಏಟು

ಮೆಟ್ಟಿಲ ಮೇಲೆ ನಾಲೊಂಗೊಳ ಚಪ್ಪಲಿಯ ಸದ್ದು ಕೇಳಿಸಿದಾಗ ಲುಬೇಗನಿಗೆ, ಇವತ್ತೊಂದು ದಿನ ಈಕೆ ಬಾರದಿದ್ದರೆ ಚೆನ್ನಾಗಿತ್ತು ಅನಿಸಿತು. ಅನಿಸಿದ ಮರುಕ್ಷಣವೇ ನಾಚಿಕೆಯಾಯಿತು. ಆಕೆಗೆ ಅವನು ಕೊಡುತ್ತಿದ್ದುದಾದರೂ ಏನು? ಒಂದು ಕುರ್ಚಿ, ಒಂದು ಲೋಟ ಚಹಾ, ದಿನಕ್ಕೆ ಮೂರು ನಾಲ್ಕು ಸೋಲು. ಕೆಳಗಿನ ದರ್ಜಿ ಅಂಗಡಿ ಆಕೆಯದು. ಅವಳಿ ಮಕ್ಕಳನ್ನು ಹೆತ್ತವಳಾದ್ದರಿಂದ ಕಬಲಗಾಲಾದ ಆ ಬೀದಿಗೆಲ್ಲ ಆಕೆ ನಾಲೊಂಗೊ. ಸ್ವಂತ ಹೆಸರು ಮತದಾರರ ಪಟ್ಟಿಗೆ ಮಾತ್ರ ಗೊತ್ತು. ತಿಂಗಳ ಹಿಂದೆ, ನಿಮ್ಮ ಮಹಡಿಯಿಂದ ಗುದ್ದಾಟದ ಸದ್ದು ಬಂದು ನನ್ನ ಹೊಲಿಗೆ ತಪ್ಪುತ್ತದೆ ಎಂದು ಜಗಳಕ್ಕೆ ಬಂದವಳು ಕಂಪ್ಯೂಟರ್ ಆಟದ ಪರದೆಯ ಮೇಲೆ ಹೆಗಲಿಗೆ ಗಂಟು ಹಾಕಿಕೊಂಡು ಒಬ್ಬಳೇ ನಡೆಯುತ್ತಿದ್ದ ಹುಡುಗಿಯನ್ನು ನೋಡಿ, "ಇವಳು ಎಲ್ಲಿಗೆ ಹೋಗ್ತಿದಾಳೆ?" ಎಂದು ಕೇಳಿದ್ದಳು. ಹಿಂದೆ ಹೇಳದೆ ಉಳಿದ ನಿಜವೊಂದನ್ನು ಹೇಳಲು ಅಣ್ಣನನ್ನು ಹುಡುಕಿಕೊಂಡು, ಅಂದಿದ್ದ ಲುಬೇಗ. "ಹಾಗಾದ್ರೆ ಕೊಡಿ ಇಲ್ಲಿ, ನಾನು ಕರಕೊಂಡು ಹೋಗ್ತೀನಿ" ಎಂದು ಕಂಟ್ರೋಲರಿಗೆ ಕೈಚಾಚಿ ಕುಳಿತವಳು ಅವತ್ತಿನಿಂದ ದಿನವೂ ಹನ್ನೊಂದಕ್ಕೆ ಬರುತ್ತಾಳೆ. ಆಟ ಎಂಬುದನ್ನು ಎಂದೂ ಮುಟ್ಟಿರದ ಐವತ್ತೆರಡರ ಹೆಂಗಸು ಮೂರು ವಾರದಲ್ಲಿ ಆ ಹುಡುಗಿ ಬಿರಾಬ್ವಾಳನ್ನು ಕಾಡು ದಾಟಿಸಿದಳು, ಬರಡು ಬೆಟ್ಟ ಹತ್ತಿಸಿದಳು, ದಾರಿಯಲ್ಲಿ ಸಿಕ್ಕ ಸುಳ್ಳ ಮುದುಕರನ್ನೆಲ್ಲ ಬೈದು, ಸತ್ತ ನಾಯಿಗಾಗಿ ಅತ್ತು, ಕೊನೆಗೆ ಕೆರೆಯ ದಡಕ್ಕೆ ಬಂದು, ಅಂಬಿಗನಾಗಿದ್ದ ಆ ಅಣ್ಣನ ಎದುರು ನಿಂತಳು. ಅಲ್ಲೇ ನಿಂತಿದ್ದಾಳೆ. ಇವತ್ತಿಗೆ ಒಂಬತ್ತು ದಿನ.

ಏಟುಗಳ ಅಂಕಿ ಇಡುವುದು ಲುಬೇಗನ ಕೆಲಸ. ಯಾರ ಮೈಯಲ್ಲಿ ಎಷ್ಟು ಜೀವ, ಯಾರ ಕೈಯಲ್ಲಿ ಎಷ್ಟು ಬಲ, ಎಷ್ಟು ಸಲ ಬಿದ್ದವರು ಬೇಸತ್ತು ಎದ್ದು ಹೋಗುತ್ತಾರೆ, ಎಷ್ಟು ಸಲ ಬಿದ್ದರೆ ಗೆದ್ದಾಗ ಕುರ್ಚಿಯಿಂದ ಹಾರುತ್ತಾರೆ. ಈ ಎರಡರ ನಡುವಿನ ಕೂದಲೆಳೆಯಷ್ಟು ಜಾಗ ತನಗೆ ಬೆರಳ ತುದಿಯಲ್ಲಿ ಗೊತ್ತು ಎಂದು ಅವನು ನಂಬಿದ್ದ. ಕಾಡಿನ ಕಳ್ಳರನ್ನು, ಬೆಟ್ಟದ ಕಿರುಬವನ್ನು ಅವನು ಹಾಗೆಯೇ ತೂಗಿ ಇಟ್ಟಿದ್ದ, ಯಾರೂ ದೂರಿರಲಿಲ್ಲ. ಆದರೆ ಪರೀಕ್ಷೆಗೆಂದು ನಾನೂರ ಹನ್ನೆರಡು ಜನರಿಗೆ ಕಳಿಸಿದ ಆಟದಲ್ಲಿ ಅಂಬಿಗನನ್ನು ದಾಟಿದವರು ಹತ್ತೊಂಬತ್ತು ಮಂದಿ. ಉಳಿದವರು ದಡದಲ್ಲೇ ಆಟ ಬಿಟ್ಟಿದ್ದರು. ಬೆಳಿಗ್ಗೆ ಬಾಳೆಕಾಯಿ ಬೇಯಿಸಿದ ಕಟೋಗೊ ತಿನ್ನುತ್ತಾ ಆ ಪಟ್ಟಿಯನ್ನು ಅವನ ಮೇಜಿನ ಮೇಲಿಟ್ಟವಳು ಕೆಬಿರುಂಗಿ. ಈ ನಾಲ್ಕು ಜನರ ಕಂಪನಿಯನ್ನು ಕಟ್ಟಿದವಳು, ಅವನಿಗಿಂತ ಆರು ವರ್ಷ ಚಿಕ್ಕವಳು, ಅವನನ್ನು ಸೆಬೋ, ಅಂದರೆ ಸ್ವಾಮಿ, ಎಂದೇ ಕರೆಯುವವಳು. "ಸೆಬೋ, ನಾಳೆ ಬೆಳಿಗ್ಗೆ ಆಟ ಹೊರಗೆ ಹೋಗ್ಬೇಕು. ಕಥೆಯ ಕೊನೇ ಗಂಟೆ ಹೆಚ್ಚುಕಡಿಮೆ ಯಾರೂ ನೋಡಿಲ್ಲ. ನಲುಗ್ವಾ ಅವರು ಅದನ್ನ ಬರೆಯೋಕೆ ಎರಡು ತಿಂಗಳು ತಗೊಂಡ್ರು. ಅವರಿಗೆ ಏನಂತ ಹೇಳ್ಲಿ?" ಎಂದು ಕೇಳಿದ್ದಳು. ಸುಲಭವಾಗಿ ಸಿಕ್ಕ ಮಾತಿಗೆ ಬೆಲೆ ಇಲ್ಲ ಎಂದು ಅವನು ಸಭೆಯಲ್ಲಿ ಹೇಳುತ್ತಾ ಬಂದ ಮಾತನ್ನೇ ಮತ್ತೆ ಹೇಳಿದ. "ಸಿಕ್ಕದೇ ಹೋದ ಮಾತಿಗೆ?" ಎಂದಳು ಆಕೆ, ತಟ್ಟೆ ತೊಳೆಯಲು ಎದ್ದು ಹೋಗುತ್ತಾ.

ಈಗ ನಾಲೊಂಗೊ ಕನ್ನಡಕ ಏರಿಸಿ, ಅಳತೆ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು ಮಡಿಸಿಟ್ಟು, ಕುಳಿತಳು. ಪರದೆಯ ಮೇಲೆ ಬಿರಾಬ್ವಾ ಹಿರಿಯಣ್ಣನಿಗೆ ಸಲ್ಲಬೇಕಾದಂತೆ ಮಂಡಿಯೂರಿ ನಮಸ್ಕರಿಸಿದಳು, ಎದ್ದಳು, ಕೋಲು ಹಿಡಿದಳು. ಅಂಬಿಗ ನೀರಿನಿಂದ ಹುಟ್ಟು ಎತ್ತಿದ. "ಏ ಕತ್ತೆ, ನಿನ್ನ ತಂಗಿ ಕಣೋ ಅವಳು!" ನಾಲೊಂಗೊ ಗದರಿದಳು. "ಈಗಿನ್ನೂ ನಮಸ್ಕಾರ ಮಾಡಿದವಳ ಮೇಲೆ ಕೈ ಎತ್ತುತೀಯಲ್ಲ, ನಿಮ್ಮಮ್ಮ ಇದನ್ನೇ ಕಲಿಸಿದ್ದಾ?" ಎಡಕ್ಕೆ ಸರಿದಳು, ಒಂದು ಏಟು ಕೊಟ್ಟಳು, ಎರಡು ತಿಂದಳು. ಮೂರನೆಯ ಏಟು ಪಕ್ಕೆಗೆ ಬಿತ್ತು. ಬಿರಾಬ್ವಾ ನೀರಿಗೆ ಉರುಳಿ, ಪರದೆ ಕಪ್ಪಾಗಿ, ಮತ್ತೆ ಬೆಳಗಿದಾಗ ಜೌಗಿನ ಆಚೆಯ ಹಳ್ಳಿಯ ಗುಡಿಸಲಲ್ಲಿ ಎದ್ದು ಕೂತಳು. ಅಲ್ಲಿಂದ ಜೊಂಡಿನ ನಡುವೆ ನಾಲ್ಕು ನಿಮಿಷದ ನಡಿಗೆ. ದಾರಿಯಲ್ಲಿ ಮುದುಕಿ ಸಿಕ್ಕು ಅದೇ ಎಚ್ಚರಿಕೆಯನ್ನು ಅದೇ ದನಿಯಲ್ಲಿ ಹೇಳುತ್ತಾಳೆ. ಆಮೇಲೆ ದಡ, ಮಂಡಿ, ಹುಟ್ಟು.

"ಲುಬೇಗ, ಒಂದು ಮಾತು ಹೇಳಪ್ಪ" ನಾಲೊಂಗೊ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಸೋತ ಮೇಲೆ ಇವನು ಏನಂತಾನೆ?"

"ಗೆದ್ದು ನೋಡಿ, ನ್ಯಾಬೋ" ಎಂದ ಲುಬೇಗ, ಅಮ್ಮಾ ಎನ್ನುವ ಗೌರವದಲ್ಲಿ.

"ಗೆಲ್ತೀನಿ. ಆದ್ರೂ ಹೇಳು. ರಾತ್ರಿ ಚಪಾತಿ ಹಿಟ್ಟು ನಾದುವಾಗ್ಲೂ ಅದೇ ಯೋಚನೆ. ಇವಳು ಹೋಗಿ ನಿಜ ಹೇಳ್ತಾಳೆ ಅಂತ ಇಟ್ಕೋ. ಅಷ್ಟು ವರ್ಷ ಆದ ಮೇಲೆ. ಅವನು ಏನು ತಾನೇ ಅಂದಾನು?"

ಲುಬೇಗನಿಗೆ ಗೊತ್ತಿರಲಿಲ್ಲ. ಇದು ಈ ಕೋಣೆಯಲ್ಲಿ ಯಾರಿಗೂ ತಿಳಿಯದ ಸಂಗತಿಯಾಗಿತ್ತು. ನಲುಗ್ವಾ ಬರೆದುಕೊಟ್ಟ ಇನ್ನೂರ ಮೂವತ್ತು ಪುಟಗಳಲ್ಲಿ ಕೊನೆಯ ಒಂಬತ್ತನ್ನು ಅವನು ಓದಿರಲಿಲ್ಲ. ಕಡತ ತೆರೆಯುತ್ತಿದ್ದ, ಕಾಳಗದ ವಿವರದವರೆಗೆ ಬರುತ್ತಿದ್ದ, ಮುಚ್ಚುತ್ತಿದ್ದ. ಮೊದಲಿಗೆ ಹೊತ್ತಿಲ್ಲದೆ, ಬಳಿಕ ಆಮೇಲೆ ಓದೋಣ ಎಂದುಕೊಂಡು, ಕೊನೆಗೆ ಓದಿಲ್ಲವೆಂದು ಹೇಳುವ ಕಾಲವೂ ಮೀರಿ. ಎರಡು ವರ್ಷದ ಹಿಂದೆ ಜಿಂಜಾದಿಂದ ಟ್ಯಾಕ್ಸಿಯಲ್ಲಿ ವಾಪಸು ಬರುವಾಗ ರಸ್ತೆ ತಡೆಯಿಂದ ಮೂರು ಗಂಟೆ ಸಿಕ್ಕಿಹಾಕಿಕೊಂಡಿದ್ದರು, ಅವನು ಮತ್ತು ನಲುಗ್ವಾ. ಮೂವತ್ತು ವರ್ಷ ರೇಡಿಯೋ ನಾಟಕ ಬರೆದ ಆ ಹೆಂಗಸಿಗೆ ಸುಮ್ಮನೆ ಕೂತು ಕೇಳುವುದು ಗೊತ್ತಿತ್ತು. ಬೆವರಿನ, ಹಲಸಿನ ಹಣ್ಣಿನ ವಾಸನೆಯ ಆ ಸೆಕೆಯಲ್ಲಿ ಅವನ ಬಾಯಿಂದ ದ್ವೀಪದ ಕಥೆ ತಾನಾಗಿ ಹೊರಬಿದ್ದಿತು. ಸೆಸೆ ದ್ವೀಪದ ದೋಣಿಗಟ್ಟೆ. ಅವನಿಗೆ ಹನ್ನೊಂದು, ಅಣ್ಣ ಮುಗೇರ್ವನಿಗೆ ಹದಿನೇಳು. ಯಜಮಾನನ ದೋಣಿಯ ಎಂಜಿನ್ ಕಾಣೆಯಾದ ಬೆಳಿಗ್ಗೆ ಗುಂಪು ಸೇರಿತು, ರಾತ್ರಿ ಕದ್ದದ್ದು ಮುಗೇರ್ವನೇ ಎಂದು ಯಾರೋ ಅಂದರು, ಯಾರೋ ಹುಟ್ಟು ಎತ್ತಿದರು. ಅಣ್ಣ ರಾತ್ರಿಯಿಡೀ ತನ್ನ ಪಕ್ಕದ ಚಾಪೆಯಲ್ಲಿ ಗೊರಕೆ ಹೊಡೆಯುತ್ತಿದ್ದದ್ದು ಲುಬೇಗನಿಗೆ ಗೊತ್ತಿತ್ತು. ಅವನು ಮುಕೇನೆ ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಗುಂಪಿನ ಅಂಚಿನಲ್ಲಿ ನಿಂತಿದ್ದ. ಬುಟ್ಟಿಯಿಂದ ನೀರು ಸೋರಿ ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಇದೊಂದು ನೆನಪಿದೆ, ಬಾಯಿ ಯಾಕೆ ತೆರೆಯಲಿಲ್ಲ ಎಂಬುದು ನೆನಪಿಲ್ಲ. ಮಧ್ಯಾಹ್ನದ ದೋಣಿಯಲ್ಲಿ ಮುಗೇರ್ವ ದ್ವೀಪ ಬಿಟ್ಟ. ನಲುಗ್ವಾ ಕೇಳಿ, ಇದನ್ನು ನಾನು ಕಥೆಗೆ ಎತ್ತಿಕೊಳ್ಳಲೇ ಎಂದು ಒಂದೇ ಮಾತು ಕೇಳಿದ್ದರು. ಅವನು ಹೂಂ ಅಂದಿದ್ದ. ಕಥೆಯಲ್ಲಿ ತಮ್ಮನು ತಂಗಿಯಾದ, ಅಣ್ಣ ಅಂಬಿಗನಾದ, ಊರು ಹೆಸರಿಲ್ಲದ ಊರಾಯಿತು. ಹಾಗಾದ ಮೇಲೂ ಪುಟ ತಿರುವಲು ಕೈ ಬರಲಿಲ್ಲ.

ಮುಗೇರ್ವ ಬದುಕಿಲ್ಲವೆಂದೇನಲ್ಲ. ಆರು ವರ್ಷದಿಂದ ಇದೇ ರಸ್ತೆಯ ಕೊನೆಗೆ, ಗಬ್ಬಾ ಎಂಬಲ್ಲಿನ ದೋಣಿಗಟ್ಟೆಯಲ್ಲಿ, ಎಂಜಿನ್ ರಿಪೇರಿ ಮಾಡಿಕೊಂಡಿದ್ದಾನೆ. ಸಾವುಗಳಲ್ಲಿ ಭೇಟಿಯಾಗುತ್ತಾರೆ. ಹಳೆಯದನ್ನು ಇಬ್ಬರೂ ಎತ್ತುವುದಿಲ್ಲ. ಒಮ್ಮೆ ಈ ಆಫೀಸಿಗೂ ಬಂದಿದ್ದ, ಹೊರದೇಶದವರು ಆಟ ನೋಡಲು ಕುಳಿತಿದ್ದ ಹೊತ್ತಿಗೆ, ಹೆಗಲಲ್ಲಿ ಒದ್ದೆ ಚೀಲ. ಬಾಗಿಲಲ್ಲಿ ಯಾರದು ಎಂದು ಕೆಬಿರುಂಗಿ ಕೇಳಿದಾಗ ಲುಬೇಗ, ಊರಿನ ಕಡೆಯವರು ಯಾರೋ ಮೀನು ಮಾರಲು ಬಂದಿದ್ದಾರೆ ಎಂದಿದ್ದ. ಅವಸರದಲ್ಲಿ ಬಂದ ಮಾತು. ಹೊರದೇಶದವರು ಹೋದ ಮೇಲೆ ಹೊರಗೆ ಬಂದು ನೋಡಿದರೆ ಅಣ್ಣ ಇರಲಿಲ್ಲ. ಅವಸರ ಅವನಿಗೂ ಇದ್ದೀತು ಎಂದುಕೊಂಡಿದ್ದ. ಇದನ್ನು ಅವನು ನೆನೆದದ್ದೇ ಕಡಿಮೆ. ದೊಡ್ಡದರ ಪಕ್ಕದಲ್ಲಿ ಇದು ಏನೂ ಅಲ್ಲ.

ನಲುಗ್ವಾ ಒಳಗೆ ಬಂದದ್ದು ನಾಲೊಂಗೊ ಎರಡನೆಯ ಸಲ ನೀರಿಗೆ ಬಿದ್ದಾಗ. ಬಿಳಿ ಕೂದಲನ್ನು ಬೋಳಿಸಿಕೊಂಡ ತಲೆ, ಕೈಯಲ್ಲಿ ಕೊಡೆ. ಇಬ್ಬರು ಹೆಂಗಸರೂ ಒಬ್ಬರ ಮನೆಯವರನ್ನೊಬ್ಬರು ಸಾವಕಾಶವಾಗಿ ವಿಚಾರಿಸಿಕೊಂಡರು. ಆಮೇಲೆ ನಲುಗ್ವಾ ಕುರ್ಚಿ ಎಳೆದುಕೊಂಡು ಲುಬೇಗನ ಪಕ್ಕ ಕೂತರು.

"ಅಂಬಿಗನ ಉತ್ತರದಲ್ಲಿ ಒಂದು ಪದ ನನಗೆ ಚುಚ್ತಾ ಇದೆ. 'ಕೋಪ' ಅಂತ ಇದೆಯಲ್ಲ, ಅದನ್ನ ತೆಗೆದು 'ಬೇಜಾರು' ಅಂತ ಹಾಕಿದ್ರೆ?"

ಲುಬೇಗ ಯೋಚಿಸುವವನಂತೆ ಗದ್ದ ಸವರಿದ. "ಬೇಜಾರೇ ವಾಸಿ ಅನ್ಸುತ್ತೆ. ಅವನ ಸ್ವಭಾವಕ್ಕೆ ಅದು ಹೊಂದುತ್ತೆ."

"ಅವನ ಉತ್ತರದಲ್ಲಿ ಆ ಎರಡು ಪದವೂ ಇಲ್ಲ" ಎಂದರು ನಲುಗ್ವಾ.

ನಾಲೊಂಗೊ ಆಟ ನಿಲ್ಲಿಸಿ ತಿರುಗಿ ನೋಡಿದಳು. ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು, ಆಮೇಲೆ ತೊಡೆ ತಟ್ಟಿ ನಕ್ಕಳು. "ಅಯ್ಯೋ ಸೆಬೋ! ನಿನಗೂ ಗೊತ್ತಿಲ್ವಾ? ಒಂಬತ್ತು ದಿನದಿಂದ ದೊಡ್ಡ ಮನುಷ್ಯನ ಹಾಗೆ ಗೆದ್ದು ನೋಡಿ, ಗೆದ್ದು ನೋಡಿ ಅಂತಿದ್ಯಲ್ಲೋ!" ಅವನ ಕಿವಿ ಬಿಸಿಯಾಯಿತು. ಗೋಡೆಯ ಪಂಖಾ ತಿರುಗಿ ತಿರುಗಿ ತನ್ನ ಮುಖಕ್ಕೇ ಗಾಳಿ ಬೀಸುತ್ತಿರುವಂತೆ, ಎಲ್ಲರಿಗೂ ಅದು ಕಾಣುತ್ತಿರುವಂತೆ ಅನಿಸಿತು. ಶಾಲೆಯಲ್ಲಿ ಲೆಕ್ಕ ಬಾರದೆ ಹಲಗೆಯೆದುರು ನಿಂತಾಗ ಹೀಗೆಯೇ ಕಾಲ ಹೆಬ್ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಈಗಲೂ ನೋಡಿಕೊಂಡ.

ನಲುಗ್ವಾ ನಗಲಿಲ್ಲ. "ಸಿಟ್ಟಿಂದ ಕೇಳ್ತಿಲ್ಲಪ್ಪ. ನಿಜವಾಗ್ಲೂ ತಿಳ್ಕೊಬೇಕು ಅಂತ ಕೇಳ್ತೀನಿ. ಬಾಗಿಲ ಆ ಕಡೆ ಏನಿದೆ ಅಂತ ನೋಡ್ದೇನೇ ಬೀಗ ಎಷ್ಟು ದಪ್ಪ ಇರ್ಬೇಕು ಅಂತ ಹೇಗೆ ತೀರ್ಮಾನ ಮಾಡಿದೆ?"

"ಅಂಕಿ ನೋಡಿ..." ಎಂದು ಶುರುಮಾಡಿ ಅವನು ನಿಲ್ಲಿಸಿದ. ಅಂಕಿ ನೋಡಿ ಅಲ್ಲ. ಅಂಬಿಗನ ಜೀವ ಮೊದಲು ನೂರು ಇತ್ತು. ಬೆಟ್ಟದ ಕಿರುಬಕ್ಕೆ ತೊಂಬತ್ತು, ಹಾಗಾಗಿ ನೂರು. ಅದನ್ನು ನೂರಿಪ್ಪತ್ತಕ್ಕೆ ಏರಿಸಿದ ಸಂಜೆ ಹೊರಗೆ ಮದುವೆಯ ವಾದ್ಯ ಹೋಗುತ್ತಿದ್ದದ್ದು ನೆನಪಾಯಿತು. ನೂರೈವತ್ತಕ್ಕೆ ಏರಿಸಿದ್ದು, ಪರೀಕ್ಷೆಗೆ ಬಂದಿದ್ದ ಮಕೆರೆರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಇನ್ನೇನು ಗೆಲ್ಲಲಿದ್ದಾಗ. ಲುಬೇಗ ಆವತ್ತು ಎದ್ದು ಹೊರಗೆ ಹೋಗಿ, ಮೊಟ್ಟೆ ಸುತ್ತಿದ ಚಪಾತಿ ಕೊಂಡು, ತಿನ್ನದೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ನೂರೆಂಬತ್ತು ಯಾವಾಗ ಆಯಿತೋ ಅವನಿಗೇ ತಿಳಿಯದು. ಕಷ್ಟ ಕೊಟ್ಟರೆ ಕಥೆಗೆ ತೂಕ ಬರುತ್ತದೆ ಎಂದು ಎಲ್ಲರ ಮುಂದೆ ವಾದಿಸುತ್ತಾ ಅವನು ಮಾಡಿದ್ದು ಇಷ್ಟೇ, ಆ ಒಂಬತ್ತು ಪುಟಗಳಿಗೆ ಯಾರೂ ಹೋಗದಂತೆ ಅಣ್ಣನನ್ನೇ ಕಾವಲಿಗೆ ನಿಲ್ಲಿಸಿದ್ದು. ಹೀಗೆ ಅನಿಸಿದಾಗ ದುಃಖಕ್ಕಿಂತ ಮೊದಲು ಅವನಿಗೆ ಆದದ್ದು ಆಶ್ಚರ್ಯ. ಬೇರೆ ಯಾರದೋ ಮೇಜಿನ ಖಾನೆ ಎಳೆದು, ಅದರಲ್ಲಿ ತನ್ನದೇ ಕೈಬರಹ ಕಂಡಂತೆ.

ಅವನು ಮಾತಾಡದೆ ತನ್ನ ಯಂತ್ರದತ್ತ ತಿರುಗಿ ನೂರೆಂಬತ್ತನ್ನು ಅರುವತ್ತು ಮಾಡಿದ. ಹುಟ್ಟಿನ ಬಲವನ್ನು ಅರ್ಧ ಇಳಿಸಿದ. "ಆಡಿ, ನ್ಯಾಬೋ."

ನಾಲೊಂಗೊ ಆಡಿದಳು. ಆರು ಏಟಿಗೆ ಅಂಬಿಗ ಕೂತುಬಿಟ್ಟ. ಆಕೆ ಕೈಯಲ್ಲಿದ್ದುದನ್ನು ಇನ್ನೂ ಒತ್ತುತ್ತಲೇ ಇದ್ದಳು, ಮುಗಿದದ್ದು ತಿಳಿಯದೆ. ಪರದೆಯ ಮೇಲೆ ಗಾಳಿ ನಿಂತಿತು. ಬಿರಾಬ್ವಾ ಕೋಲು ಕೆಳಗಿಟ್ಟು ಹೇಳಿದಳು: "ಅಣ್ಣಾ, ಆವತ್ತು ರಾತ್ರಿ ನೀನು ಮನೆಯಲ್ಲೇ ಇದ್ದೆ. ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ." ಲುಬೇಗ ಪರದೆಯತ್ತ ನೋಡದೆ ಕಿಟಕಿಯ ಕಂಬಿಯನ್ನು ನೋಡುತ್ತಾ ನಿಂತಿದ್ದ. ಎದುರಿನ ಛಾವಣಿಯಲ್ಲಿ ಬೋಳುತಲೆಯ ಕೊಕ್ಕರೆಯೊಂದು ಕಸದ ಚೀಲವನ್ನು ಕುಕ್ಕುತ್ತಿತ್ತು. ಅಂಬಿಗ ಹುಟ್ಟನ್ನು ನೀರಿನಲ್ಲಿ ತೊಳೆದ, ನೀರಿನ ಸದ್ದು ಕೇಳಿಸಿತು. ಆಮೇಲೆ ಅವನ ದನಿ: "ನಿನಗೆ ಗೊತ್ತು ಅಂತ ನನಗೂ ಗೊತ್ತಿತ್ತು. ಗುಂಪಿನಲ್ಲಿ ನೀನು ಎಲ್ಲಿ ನಿಂತಿದ್ದೆ ಅಂತ ಇವತ್ತಿಗೂ ತೋರಿಸಬಲ್ಲೆ. ದೋಣಿ ಹತ್ತು. ಗಾಳಿ ತಿರುಗುತ್ತಿದೆ."

ಇಷ್ಟೇ. ಇದಕ್ಕಾಗಿ ಎರಡು ವರ್ಷ ಹೆದರಿದ್ದೆನೆ? ಅಥವಾ ಇದಕ್ಕೇ ಹೆದರಬೇಕಿತ್ತೆ? ತಿಳಿಯಲಿಲ್ಲ. ಅಂಬಿಗ ನನ್ನನ್ನು ಕ್ಷಮಿಸಿದನೋ ಇಲ್ಲವೋ ಎಂದು ಅವನು ಹುಡುಕಿಕೊಳ್ಳುವಷ್ಟರಲ್ಲಿ ನಾಲೊಂಗೊ ಕಂಟ್ರೋಲರನ್ನು ಮೇಜಿನ ಮೇಲೆ ಕುಕ್ಕಿದಳು.

"ನನಗೆ ಸರಿಹೋಗ್ಲಿಲ್ಲ."

"ಮಾತು ಸರಿಯಿಲ್ವಾ?" ನಲುಗ್ವಾ ಮುಂದೆ ಬಾಗಿದರು.

"ಮಾತು ಒಳ್ಳೇದೇ. ಆದ್ರೆ ನನಗೆ ಅದು ಸಲ್ಲಲಿಲ್ಲ. ಒಂಬತ್ತು ದಿನ ಇವನು ನನಗೆ ಹೊಡೆದಿದಾನೆ. ನಿನ್ನೆಯವರೆಗೂ ಇವನು ಸಿಕ್ರೆ ಕತ್ತರಿಯಲ್ಲಿ ಚುಚ್ಚೋಣ ಅನ್ನೋಷ್ಟು ಸಿಟ್ಟಿತ್ತು ನನಗೆ. ಇವತ್ತು ನೋಡಿದ್ರೆ ಜ್ವರ ಬಂದ ಮುದುಕನ ಹಾಗೆ ಕೂತ್ಬಿಟ್ಟ. ಅಂಥವನ ಹತ್ರ ತಪ್ಪೊಪ್ಪಿಕೊಳ್ಳೋದು ಏನು ಮಹಾ? ಆ ಸಿಟ್ಟಿನವನ ಹತ್ರ ಹೋಗಿ ಹೇಳ್ಬೇಕು. ಹಳೇದನ್ನೇ ಹಾಕು."

"ಹಳೇದಾದ್ರೆ ನಿಮಗೆ ಗೆಲ್ಲೋಕಾಗಲ್ಲ" ಎಂದ ಲುಬೇಗ.

"ಗೆಲ್ಲೋಕಾಗಲ್ಲ ಅಂತ ನಾನು ಯಾವತ್ತು ಅಂದೆ? ಏಟು ಬಿದ್ರೆ ಬೀಳ್ಲಿ. ನನಗೆ ಸಾಕಾಗಿರೋದು ಆ ಜೊಂಡು! ಆ ಮುದುಕಿ! ಬಿದ್ದಾಗೆಲ್ಲ ನಾಲ್ಕು ಫರ್ಲಾಂಗು ನಡೀಬೇಕು, ಅವಳ ಪುರಾಣ ಕೇಳ್ಬೇಕು. ಅಲ್ಲಿಗೆ ಹೋಗೋಷ್ಟರಲ್ಲಿ ಅವನು ಹೇಗೆ ಹೊಡೆದ ಅನ್ನೋದೇ ಮರೆತುಹೋಗಿರುತ್ತೆ. ಬಿದ್ದಲ್ಲೇ ಏಳೋಕೆ ಬಿಡ್ಬಾರದಾ?"

ನಲುಗ್ವಾ ಲುಬೇಗನನ್ನು ನೋಡಿದರು. ಅವನು ನಾಲೊಂಗೊಳ ಬೆರಳ ತುದಿಯಲ್ಲಿ ಹೊಲಿಗೆ ಸೂಜಿಯಿಂದಾದ ಕಪ್ಪು ಗೀರುಗಳನ್ನು ನೋಡುತ್ತಿದ್ದ. ಎಷ್ಟು ಜೀವ, ಎಷ್ಟು ಬಲ ಎಂದು ತಿಂಗಳುಗಟ್ಟಲೆ ತಿದ್ದಿದವನಿಗೆ ಬಿದ್ದವರು ಎಲ್ಲಿ ಏಳುತ್ತಾರೆ ಎಂಬುದು ಲೆಕ್ಕಕ್ಕೇ ಬಂದಿರಲಿಲ್ಲ. ಜನ ಬಿಟ್ಟುಹೋದದ್ದು ಅಂಬಿಗನಿಗೆ ಸೋತು ಅಲ್ಲ. ಅವನ ಬಳಿಗೆ ಮತ್ತೆ ಮತ್ತೆ ನಡೆದು ಬರುವುದಕ್ಕೆ ಸೋತು. ಲುಬೇಗ ಹುಟ್ಟಿನ ಬಲವನ್ನು ಮೊದಲಿನಷ್ಟೇ ಮಾಡಿದ. ಜೀವವನ್ನು ನೂರೆಂಬತ್ತಕ್ಕೆ ಒಯ್ಯಲಿಲ್ಲ, ಮೊದಲ ದಿನದ ನೂರಕ್ಕೆ ತಂದು ನಿಲ್ಲಿಸಿದ. ಆಮೇಲೆ ಗುಡಿಸಲನ್ನು ತೆಗೆದುಹಾಕಿ, ಬಿದ್ದವಳು ಅದೇ ದಡದಲ್ಲಿ, ಅಂಬಿಗನ ಕಾಲ ಬಳಿಯಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ ಏಳುವಂತೆ ಮಾಡಿದ. ಅಷ್ಟಕ್ಕೆ ಒಂದೂವರೆ ಗಂಟೆ ಹಿಡಿಯಿತು. ನಾಲೊಂಗೊ ಕೆಳಗೆ ಹೋಗಿ ಶಾಲೆ ಸಮವಸ್ತ್ರಕ್ಕೆ ಗುಂಡಿ ಹಚ್ಚಿ ಮತ್ತೆ ಬಂದಳು.

ಏಳು ಸಲ ಬಿದ್ದಳು. ಬಿದ್ದಾಗೆಲ್ಲ ನೀರಿನಿಂದ ಎದ್ದು, ಬೈಗುಳದ ಅರ್ಧಕ್ಕೇ ಮತ್ತೆ ಕೋಲು ಬೀಸಿದಳು. ನಾಲ್ಕನೆಯದರ ನಂತರ ಬೈಯುವುದನ್ನು ಬಿಟ್ಟಳು. ಕೋಣೆಯಲ್ಲಿ ಕಂಟ್ರೋಲರಿನ ಗುಂಡಿಗಳ ಟಕಟಕ ಮಾತ್ರ. ಕೆಬಿರುಂಗಿಯೂ ಬಂದು ಹಿಂದೆ ನಿಂತಳು. ಎಂಟನೆಯ ಸಲ ಅಂಬಿಗ ಕೂತ. ಬಿರಾಬ್ವಾ ಹೇಳಬೇಕಾದ್ದನ್ನು ಹೇಳಿದಳು, ಅವನು ಹುಟ್ಟು ತೊಳೆದ, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದ. ಈ ಸಲ ಲುಬೇಗ ಪರದೆಯನ್ನೇ ನೋಡುತ್ತಿದ್ದ. ಮಾತು ಬೇರೆಯೇ ಆಗಿ ಕೇಳಿಸಿತು. ಎಲ್ಲಿ ನಿಂತಿದ್ದೆ ಅಂತ ಇವತ್ತಿಗೂ ತೋರಿಸಬಲ್ಲೆ. ನಾಲೊಂಗೊ ಕನ್ನಡಕ ತೆಗೆದು, ಕೊರಳಿನ ಅಳತೆ ಪಟ್ಟಿಯಿಂದಲೇ ಒರೆಸಿ, ಅದು ಒರೆಸುವ ವಸ್ತುವಲ್ಲವೆಂದು ತಿಳಿದು ಮತ್ತೆ ಉಡುಪಿನ ಅಂಚಿನಿಂದ ಒರೆಸಿದಳು. "ಇದು ಸರಿ" ಎಂದಳು ಕೆಬಿರುಂಗಿ. "ಇದನ್ನೇ ಕಳಿಸೋಣ."

ಮೂರು ಗಂಟೆಗೆ ಲುಬೇಗ ಯಾರಿಗೂ ಹೇಳದೆ ಕೆಳಗಿಳಿದು ಗಬ್ಬಾ ಕಡೆಯ ಟ್ಯಾಕ್ಸಿ ಹತ್ತಿದ. ಅವನು ಹೊರಟದ್ದು ಪಶ್ಚಾತ್ತಾಪದಿಂದ ಎಂದರೆ ಪೂರ್ತಿ ನಿಜವಲ್ಲ. ನಾಲೊಂಗೊಳ ಪ್ರಶ್ನೆ ಅವನಿಗೂ ಹತ್ತಿಬಿಟ್ಟಿತ್ತು. ನಲುಗ್ವಾ ಬರೆದದ್ದು ನಲುಗ್ವಾ ಅವರ ಊಹೆ. ನಿಜದ ಮನುಷ್ಯ ಏನೆಂದಾನು? ಬುಂಗಾ ದಾಟುವಾಗ ಪಕ್ಕದ ಹೆಂಗಸಿನ ಮಡಿಲಲ್ಲಿದ್ದ ಕೋಳಿ ಅವನ ತೋಳಿಗೆ ಒಂದು ಸಲ ಕುಕ್ಕಿತು. ಆಕೆ ಕ್ಷಮೆ ಕೇಳಿದಳು. ಪರವಾಗಿಲ್ಲ ಅಂದ. ಎಷ್ಟು ಸುಲಭವಾಗಿ ಅಂದುಬಿಟ್ಟೆ ಎಂದು ಅದನ್ನೇ ಯೋಚಿಸುತ್ತಾ ಇಳಿದ.

ದೋಣಿಗಟ್ಟೆಯಲ್ಲಿ ಮುಕೇನೆ ಒಣಹಾಕಿದ್ದ ಬಲೆಗಳ ನಡುವೆ ಹಾದುಹೋದರೆ, ನೀರಿನಲ್ಲಿ ತೊಡೆಯವರೆಗೆ ನಿಂತು ದೋಣಿಯೊಂದರ ಹಿಂಬದಿಯ ಎಂಜಿನ್ನಿಗೆ ಸ್ಪ್ಯಾನರ್ ಹಾಕಿದ್ದ ಮುಗೇರ್ವ ತಲೆ ಎತ್ತಿ ನೋಡಿದ.

"ಯಾರು ಸತ್ರು?" ಎಂದು ಕೇಳಿದ.

"ಯಾರೂ ಇಲ್ಲ. ಸುಮ್ನೆ ಬಂದೆ."

"ಸುಮ್ನೆ ಬರೋನಲ್ಲ ನೀನು." ಮತ್ತೆ ಎಂಜಿನ್ನಿನತ್ತ ಬಾಗಿದ. ಕೆನ್ನೆಯ ಗಡ್ಡದಲ್ಲಿ ಬಿಳಿಯಿತ್ತು. ಅದು ಯಾವಾಗ ಬಂತೋ ಲುಬೇಗ ಗಮನಿಸಿರಲಿಲ್ಲ.

ದಡದ ಅಂಚಿಗೆ ಬಂದು, ಬೂಟು ಒದ್ದೆಯಾಗದಷ್ಟು ದೂರದಲ್ಲಿ ನಿಂತು, ಅವನು ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಗಿ ಬಿರಾಬ್ವಾಳ ಮಾತೇ ಬಾಯಿಗೆ ಬಂತು. "ಅಣ್ಣ, ದ್ವೀಪದಲ್ಲಿ ಆ ಎಂಜಿನ್ ವಿಷ್ಯ. ಆವತ್ತು ರಾತ್ರಿ ನೀನು ಮನೇಲೇ ಇದ್ದೆ. ನನಗೆ ಗೊತ್ತಿತ್ತು. ಎಲ್ರೂ ಹೊಡೀತಿದ್ರು, ನಾನು ಹೇಳ್ಲಿಲ್ಲ."

"ಯಾವ ಎಂಜಿನ್?"

"ಯಜಮಾನಂದು. ನಿನ್ನನ್ನ ಹುಟ್ಟಿನಲ್ಲಿ ಹೊಡೆದ್ರಲ್ಲ."

ಮುಗೇರ್ವ ನೆಟ್ಟಗೆ ನಿಂತ. ಸ್ವಲ್ಪ ಹೊತ್ತು ತಮ್ಮನ ಮುಖ ನೋಡಿದ. ಆಮೇಲೆ ಅವನ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. "ಅದನ್ನ ತೆಗೆದಿದ್ದು ನಾನೇ ಅಲ್ವೇನೋ! ನಾನೂ ಆ ಕುಂಟ ಕಯೀವಾನೂ. ಸಂಜೆ ಬೆಳಕಿರೋವಾಗ್ಲೇ ಬಿಚ್ಚಿ ಜೊಂಡಿನಲ್ಲಿ ಮುಳುಗಿಸಿಟ್ವಿ. ಆಮೇಲೆ ಬಂದು ಮಲಗಿದ್ದು. ಏನು ನಿದ್ದೆ ಅಂತೀಯಾ ಆವತ್ತು!" ಕಣ್ಣೊರೆಸಿಕೊಂಡ. "ನೀನು ಏನಾದ್ರೂ ಬಾಯಿಬಿಟ್ಟು ಮನೇಲಿದ್ದ ಅಂತ ಹೇಳಿದ್ರೆ ಸುಳ್ಳು ಸಾಕ್ಷಿ ಅಂತ ನಿನಗೂ ಬೀಳ್ತಿತ್ತು ನಾಲ್ಕು. ಇದನ್ನ ಹೇಳೋಕೆ ಕಬಲಗಾಲಾದಿಂದ ಬಂದ್ಯಾ?"

ಲುಬೇಗನಿಗೂ ನಗು ಬಂದಂತಾಯಿತು, ಬರಲಿಲ್ಲ. ಇಪ್ಪತ್ಮೂರು ವರ್ಷ. ತಲೆಯ ಮೇಲಿನ ಬುಟ್ಟಿ, ಕಣ್ಣಿಗಿಳಿದ ಮೀನಿನ ನೀರು, ಯಾವ ಹುಡುಗಿಗೂ ಹೇಳದೆ ನಲುಗ್ವಾ ಒಬ್ಬರಿಗೆ ಹೇಳಿದ ಮಾತು, ನಾನೂರು ಜನ ತಿಂದ ಏಟು. ಎಲ್ಲವೂ ಎಲ್ಲಿ ಇಳಿಸುವುದೆಂದು ತಿಳಿಯದ ಮೂಟೆಯಾಗಿ ಕೈಯಲ್ಲೇ ಉಳಿಯಿತು. ಹಗುರಾಗಬೇಕಿತ್ತು. ಯಾಕೆ ಹಗುರಾಗಲಿಲ್ಲ ಎಂದು ಅವನು ತನ್ನೊಳಗೆ ತಡಕುತ್ತಿದ್ದಾಗ ಮುಗೇರ್ವ, ನಗು ಇಳಿದ ದನಿಯಲ್ಲಿ, ನಟ್ಟೊಂದನ್ನು ತಿರುಗಿಸುತ್ತಾ ಅಂದ:

"ಹುಟ್ಟಿನ ಏಟು ನಾಲ್ಕು ದಿನಕ್ಕೆ ವಾಸಿಯಾಯ್ತು. ನಿನ್ನಾಫೀಸಿಗೆ ಮೀನು ತಂದಿದ್ದೆ, ನೆನಪಿದೆಯಾ?"

ಲುಬೇಗ ನೀರಿನಂಚಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದ.

"ಒಳ್ಳೇ ಮೀನು. ಬೆಳಿಗ್ಗೆ ಹಿಡಿದದ್ದು. ಕೆಳಗೆ ಹೊಲಿಗೆ ಹಾಕ್ತಿದ್ರಲ್ಲ ಒಬ್ರು, ಅವರಿಗೆ ಕೊಟ್ಟು ಬಂದೆ."

"ನಾನು ಆವತ್ತು ಅಂದದ್ದು ಕೇಳಿಸಿತ್ತಾ ನಿನಗೆ?" ಎಂದ ಲುಬೇಗ.

"ಬಾಗಿಲಲ್ಲೇ ನಿಂತಿದ್ನಲ್ಲ." ಸ್ಪ್ಯಾನರನ್ನು ದೋಣಿಯೊಳಗೆ ಹಾಕಿದ. "ಎಂಜಿನ್ ವಿಷ್ಯ ನಾನು ಮರೆತಿದ್ದೆ."

"ತಪ್ಪಾಯ್ತು ಅಣ್ಣ" ಎಂದ ಲುಬೇಗ. ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಅದು ಹೊರಗೆ ಬಂತೋ ಇಲ್ಲವೋ ಅವನಿಗೇ ಸಂಶಯವಾಯಿತು. ಮುಗೇರ್ವ ಎಂಜಿನ್ನಿನ ಹಗ್ಗ ಎಳೆದ. ಒಂದು ಸಲ, ಎರಡು ಸಲ. ಮೂರನೆಯ ಎಳೆತಕ್ಕೆ ಅದು ಕೆಮ್ಮಿ, ನೀಲಿ ಹೊಗೆಯುಗುಳಿ, ಅಬ್ಬರಿಸಿತು. ನೀರು ಕದಡಿತು. ದೋಣಿ ದಡದಿಂದ ಕಿತ್ತುಕೊಳ್ಳಲು ನೋಡಿತು, ಮುಗೇರ್ವ ಒಂದು ಬದಿಯನ್ನು ಎದೆಯಿಂದ ಒತ್ತಿ ಹಿಡಿದ.

ಸದ್ದು ಕೇಳಿ ಪಕ್ಕದ ದೋಣಿಯಿಂದ ಎತ್ತರದ ಮನುಷ್ಯನೊಬ್ಬ, ದೋಣಿಯ ಮಾಲೀಕನಿರಬೇಕು, ನೀರು ತುಳಿಯುತ್ತಾ ಬಂದ. ಎಂಜಿನ್ನಿನತ್ತ ನೋಡಿ ಹೆಬ್ಬೆರಳೆತ್ತಿದ. ಆಮೇಲೆ ದಡದಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತವನನ್ನು ನೋಡಿ, ಗದ್ದದಿಂದಲೇ ತೋರಿಸಿ, ಮುಗೇರ್ವನ ಕಿವಿಯ ಬಳಿ ಕೂಗಿದ: "ಯಾರದು?"

ಮುಗೇರ್ವ ತಮ್ಮನನ್ನು ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಕರುಣೆಯೂ ಇರಲಿಲ್ಲ. ಏನು ಮಾಡುತ್ತಾನೋ ನೋಡೋಣ ಎನ್ನುವ ಬರೀ ಕುತೂಹಲವಿತ್ತು. "ಅವನನ್ನೇ ಕೇಳು!" ಎಂದು ಕೂಗಿದ.

"ಇವರ ತಮ್ಮ" ಎಂದ ಲುಬೇಗ.

ಎತ್ತರದವನು ಕಿವಿಗೆ ಕೈಯಿಟ್ಟ. "ಏನು?"

"ತಮ್ಮ! ಇವರ ತಮ್ಮ!"

"ಏನಂದ್ರಿ?"

ಎಂಜಿನ್ ಇನ್ನಷ್ಟು ಅಬ್ಬರಿಸಿತು. ಮುಗೇರ್ವ ಅದನ್ನು ಆರಿಸಬಹುದಿತ್ತು, ಆರಿಸಲಿಲ್ಲ. ಮೀನು ಒಣಹಾಕುತ್ತಿದ್ದ ಹೆಂಗಸರು ಬಲೆ ಬಿಟ್ಟು ಇತ್ತ ತಿರುಗಿದ್ದರು. ಲುಬೇಗ ಎರಡು ಹೆಜ್ಜೆ ನೀರಿಗಿಳಿದ, ಬೂಟಿನೊಳಗೆ ನೀರು ನುಗ್ಗಿತು, ಇನ್ನೊಂದು ಹೆಜ್ಜೆ ಇಳಿದ. ಹಣೆಯ ನರ ಉಬ್ಬುವಂತೆ, ಗಂಟಲು ಬಿರಿಯುವಂತೆ ಕಿರುಚಿದ: "ಇವನು ನನ್ನ ಅಣ್ಣ! ನಾನು ಇವನ ತಮ್ಮ!"

"ಹೌದಾ!" ಎತ್ತರದವನು ಅದರಲ್ಲೇನು ಇಷ್ಟು ಕಿರುಚುವಂಥದ್ದು ಎನ್ನುವಂತೆ ನೋಡಿದ. "ಹಾಗಾದ್ರೆ ನೋಡ್ತಾ ನಿಂತಿದ್ದೀರಲ್ಲ ಸೆಬೋ, ಆ ಕಡೆ ಹಿಡೀರಿ! ದೋಣಿ ಹೋಗ್ತಿದೆ!"

ಲುಬೇಗ ಸೊಂಟದವರೆಗೆ ನೀರಿಗಿಳಿದು ದೋಣಿಯ ಇನ್ನೊಂದು ಬದಿಯನ್ನು ಹಿಡಿದ. ಅದು ಅವನು ಎಣಿಸಿದ್ದಕ್ಕಿಂತ ಬಲವಾಗಿ ಎಳೆಯುತ್ತಿತ್ತು. ಆಚೆ ಬದಿಯಿಂದ ಮುಗೇರ್ವ, ಅವನತ್ತ ನೋಡದೆ, "ಕೈಯಿಂದಲ್ಲ, ಎದೆಯಿಂದ ಒತ್ತಿ ಹಿಡಿ" ಎಂದು ಕೂಗಿದ.